ಆಮದು–ಜಿಡಿಪಿ ಅನುಪಾತ: ಲೆಕ್ಕ ಹಾಕುವ ಮತ್ತು ಓದುವ ಕ್ರಮ

2023-24ರಲ್ಲಿ ಭಾರತ ಸುಮಾರು 678 ಶತಕೋಟಿ ಡಾಲರ್ ಮೌಲ್ಯದ ಸರಕನ್ನು ಆಮದು ಮಾಡಿಕೊಂಡಿತು. ಈ ಮೊತ್ತ ದೊಡ್ಡದೋ ಸಣ್ಣದೋ ಎಂಬುದನ್ನು ಮೊತ್ತ ತಾನಾಗಿ ಹೇಳುವುದಿಲ್ಲ. ಅದನ್ನು ದೇಶದ ಆರ್ಥಿಕತೆಯ ಗಾತ್ರದ ಪಕ್ಕದಲ್ಲಿಟ್ಟು ಅಳೆದಾಗಲಷ್ಟೇ ಬೇರೆ ವರ್ಷದೊಂದಿಗೆ ಅಥವಾ ಬೇರೆ ದೇಶದೊಂದಿಗೆ ಹೋಲಿಸಲು ಸಾಧ್ಯವಾಗುತ್ತದೆ. ಹಾಗೆ ಅಳೆಯುವ ಅತ್ಯಂತ ಸರಳ ಸಾಧನವೆಂದರೆ ಆಮದನ್ನು ಒಟ್ಟು ದೇಶೀಯ ಉತ್ಪನ್ನದಿಂದ (ಜಿಡಿಪಿ) ಭಾಗಿಸಿ ನೂರರಿಂದ ಗುಣಿಸುವುದು. ಲೆಕ್ಕ ಒಂದು ಸಾಲಿನದು. ಆದರೆ ಯಾವ ಆಮದು, ಯಾವ ಜಿಡಿಪಿ, ಮತ್ತು ಬಂದ ಸಂಖ್ಯೆ ಏಕೆ ಏರಿತು ಅಥವಾ ಇಳಿಯಿತು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ಸಾಲಿನಿಂದ ತಪ್ಪು ತೀರ್ಮಾನಗಳೇ ಹೆಚ್ಚಾಗಿ ಹುಟ್ಟುತ್ತವೆ. ಈ ಬರಹ ಭಾರತವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ಅಲ್ಲಲ್ಲಿ ನೇಪಾಳ ಮತ್ತು ಶ್ರೀಲಂಕಾವನ್ನು ಜೊತೆಗಿಟ್ಟುಕೊಂಡು, ಆ ಕೆಲಸವನ್ನು ಮಾಡುವ ಕ್ರಮವನ್ನು ವಿವರಿಸುತ್ತದೆ.

ಮೊದಲು ತಿಳಿದಿರಬೇಕಾದದ್ದು

ಅನುಪಾತವು ಶೇಕಡಾ 24 ಎಂದು ಬಂದರೆ ‘ದೇಶದ ಉತ್ಪನ್ನದಲ್ಲಿ ಶೇ 24ರಷ್ಟು ಆಮದಿನದು’ ಎಂದು ಓದಬಾರದು. ಜಿಡಿಪಿ ಎಂಬುದು ದೇಶದೊಳಗೆ ಸೇರಿಸಿದ ಮೌಲ್ಯದ ಮೊತ್ತ. ಆಮದು ಎಂಬುದು ಗಡಿ ದಾಟಿ ಬಂದ ಸರಕು–ಸೇವೆಗಳ ಪೂರ್ಣ ಬೆಲೆ. ಒಂದು ಇನ್ನೊಂದರ ಭಾಗವಲ್ಲ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಹಡಗಿನಲ್ಲಿ ಬರುವ ಕಚ್ಚಾ ತೈಲದ ಪೂರ್ಣ ಬೆಲೆ ಆಮದಿನ ಲೆಕ್ಕಕ್ಕೆ ಸೇರುತ್ತದೆ, ಅದರಿಂದ ತಯಾರಾಗಿ ಹೊರದೇಶಕ್ಕೆ ಹೋಗುವ ಇಂಧನದ ಪೂರ್ಣ ಬೆಲೆ ರಫ್ತಿನ ಲೆಕ್ಕಕ್ಕೆ ಸೇರುತ್ತದೆ, ಆದರೆ ಜಿಡಿಪಿಗೆ ಸೇರುವುದು ಸಂಸ್ಕರಣೆಯಲ್ಲಿ ಹುಟ್ಟಿದ ಮೌಲ್ಯವಷ್ಟೇ. ಸೂರತ್‌ನಲ್ಲಿ ಕತ್ತರಿಸಿ ಹೊಳಪು ಕೊಡುವ ವಜ್ರದ ಕತೆಯೂ ಇದೇ. ಹೀಗಾಗಿಯೇ ತಂದು, ಸಂಸ್ಕರಿಸಿ, ಮತ್ತೆ ಕಳಿಸುವ ವ್ಯಾಪಾರ ಹೆಚ್ಚಿರುವ ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಈ ಅನುಪಾತ ನೂರನ್ನು ದಾಟುತ್ತದೆ. ಉತ್ಪನ್ನದ ಪಾಲು ಎಂಬ ಅರ್ಥ ಇದಕ್ಕಿದ್ದಿದ್ದರೆ ಅದು ಸಾಧ್ಯವೇ ಇರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಬಳಕೆ, ಹೂಡಿಕೆ, ಸರ್ಕಾರದ ವೆಚ್ಚ ಮತ್ತು ರಫ್ತನ್ನು ಕೂಡಿಸಿ ಆಮದನ್ನು ಕಳೆದರೆ ಜಿಡಿಪಿ ಬರುತ್ತದೆ ಎಂಬ ಪಠ್ಯಪುಸ್ತಕದ ಸೂತ್ರವನ್ನು ನೋಡಿ, ಆಮದು ಹೆಚ್ಚಿದಷ್ಟೂ ಜಿಡಿಪಿ ಕರಗುತ್ತದೆ ಎಂದು ವಾದಿಸುವವರಿದ್ದಾರೆ. ಆಮದನ್ನು ಕಳೆಯುವುದು ಅದು ಮೊದಲೇ ಬಳಕೆಯಲ್ಲೋ ಹೂಡಿಕೆಯಲ್ಲೋ ಸೇರಿಹೋಗಿರುತ್ತದೆ ಎಂಬ ಕಾರಣಕ್ಕೆ. ಹೊರದೇಶದಲ್ಲಿ ತಯಾರಾದ ಯಂತ್ರವೊಂದನ್ನು ಪೀಣ್ಯದ ಕಾರ್ಖಾನೆ ಕೊಂಡರೆ ಹೂಡಿಕೆಯಲ್ಲಿ ಅದರ ಬೆಲೆ ಕೂಡುತ್ತದೆ, ಆಮದಿನಲ್ಲಿ ಅದೇ ಬೆಲೆ ಕಳೆಯುತ್ತದೆ. ಜಿಡಿಪಿ ಇದ್ದಲ್ಲೇ ಇರುತ್ತದೆ. ಮುಂದೆ ಆ ಯಂತ್ರ ಏನನ್ನು ತಯಾರಿಸುತ್ತದೆ ಎಂಬುದರಿಂದ ಜಿಡಿಪಿ ಬದಲಾಗುತ್ತದೆ.

ಅಂಶವನ್ನು ಆರಿಸುವುದು

ಭಿನ್ನರಾಶಿಯ ಮೇಲಿನ ಅಂಶಕ್ಕೆ ಎರಡು ಆಯ್ಕೆಗಳಿವೆ: ಸರಕಿನ ಆಮದು ಮಾತ್ರ, ಅಥವಾ ಸರಕು ಮತ್ತು ಸೇವೆಗಳ ಆಮದು. ಕೇಂದ್ರ ವಾಣಿಜ್ಯ ಸಚಿವಾಲಯ ಪ್ರತಿ ತಿಂಗಳ ಮಧ್ಯಭಾಗದಲ್ಲಿ ಪ್ರಕಟಿಸುವ ಸರಕಿನ ಅಂಕಿಗಳು ಕಸ್ಟಮ್ಸ್ ದಾಖಲೆಗಳಿಂದ ಬರುತ್ತವೆ ಮತ್ತು ಅವುಗಳನ್ನು ಒಟ್ಟುಗೂಡಿಸುವುದು ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಹೊಂದಿರುವ ವಾಣಿಜ್ಯ ಮಾಹಿತಿ ಮತ್ತು ಅಂಕಿಅಂಶಗಳ ಮಹಾನಿರ್ದೇಶನಾಲಯ. ಸೇವೆಗಳ ಅಂಕಿ, ಅಂದರೆ ಹಡಗು ಬಾಡಿಗೆ, ವಿದೇಶ ಪ್ರವಾಸದ ಖರ್ಚು, ತಂತ್ರಾಂಶದ ಪರವಾನಗಿ ಶುಲ್ಕ ಮುಂತಾದವು, ರಿಸರ್ವ್ ಬ್ಯಾಂಕಿನಿಂದ ಬರುತ್ತದೆ. ವಿಶ್ವಬ್ಯಾಂಕಿನ ದತ್ತಾಂಶ ಕೋಶದಲ್ಲಿ ‘ಜಿಡಿಪಿಯ ಶೇಕಡಾವಾರು ಆಮದು’ ಎಂದು ಸಿಗುವ ಸರಣಿಯಲ್ಲಿ ಸರಕು ಮತ್ತು ಸೇವೆ ಎರಡೂ ಸೇರಿರುತ್ತವೆ. ಒಬ್ಬರು ಸರಕಿನ ಅನುಪಾತವನ್ನು, ಇನ್ನೊಬ್ಬರು ಎರಡೂ ಸೇರಿದ ಅನುಪಾತವನ್ನು ಹಿಡಿದು ವಾದ ಮಾಡುವುದನ್ನು ಬಜೆಟ್ ಸಮಯದ ಚರ್ಚೆಗಳಲ್ಲಿ ಪ್ರತಿ ವರ್ಷವೂ ನೋಡಬಹುದು.

ಬೆಲೆ ಕಟ್ಟುವ ಕ್ರಮವನ್ನೂ ಗಮನಿಸಬೇಕು. ಕಸ್ಟಮ್ಸ್ ಅಂಕಿಗಳಲ್ಲಿ ಆಮದಿನ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿರುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಪಾವತಿ ಸಮತೋಲನ (ದೇಶವೊಂದು ಹೊರದೇಶಗಳೊಂದಿಗೆ ನಡೆಸುವ ಎಲ್ಲ ವ್ಯವಹಾರಗಳ ಲೆಕ್ಕ) ಕೈಪಿಡಿಯ ಪ್ರಕಾರ ಸರಕಿನ ಬೆಲೆಯನ್ನು ರಫ್ತು ಮಾಡುವ ದೇಶದ ಗಡಿಯಲ್ಲಿ ಅಳೆದು, ಸಾಗಣೆಯನ್ನು ಸೇವೆಯಾಗಿ ಬೇರೆಯೇ ತೋರಿಸಬೇಕು. ಎರಡು ಮೂಲಗಳ ಅಂಕಿ ಒಂದಕ್ಕೊಂದು ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಕಸ್ಟಮ್ಸ್ ಮೂಲದ ಸರಕಿನ ಅಂಕಿಗೆ ಇನ್ನೊಂದು ಮೂಲದ ಸೇವಾ ಅಂಕಿಯನ್ನು ಕೂಡಿಸುವಾಗ ಮಾತ್ರ ಸಾಗಣೆಯ ವೆಚ್ಚ ಎರಡು ಸಲ ಸೇರಿರುವ ಸಾಧ್ಯತೆಯನ್ನು ನೆನಪಿಡಬೇಕು.

ಛೇದವನ್ನು ಆರಿಸುವುದು

ಛೇದಕ್ಕೆ, ಅಂದರೆ ಭಿನ್ನರಾಶಿಯ ಕೆಳಗಿನ ಸಂಖ್ಯೆಗೆ, ಬೇಕಾದದ್ದು ಚಾಲ್ತಿ ಬೆಲೆಯಲ್ಲಿ, ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಿದ ಜಿಡಿಪಿ. ಪತ್ರಿಕೆಗಳಲ್ಲಿ ಬೆಳವಣಿಗೆ ದರವೆಂದು ಬರುವ ಸಂಖ್ಯೆ ಸ್ಥಿರ ಬೆಲೆಯ ಜಿಡಿಪಿಯದು. ಆಮದಿನ ಬಿಲ್ಲು ಆಯಾ ವರ್ಷದ ಬೆಲೆಯಲ್ಲಿರುವಾಗ ಅದನ್ನು ಹಳೆಯ ಮೂಲವರ್ಷದ ಬೆಲೆಯಲ್ಲಿರುವ ಜಿಡಿಪಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಕೊಳ್ಳುವ ಶಕ್ತಿಯ ಸಮಾನತೆಯ ಆಧಾರದ, ಅಂದರೆ ದೇಶಗಳ ನಡುವಿನ ಬೆಲೆಮಟ್ಟದ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದ, ಜಿಡಿಪಿಯನ್ನೂ ಇಲ್ಲಿ ಬಳಸಬಾರದು. ಆ ಅಳತೆಯಲ್ಲಿ ಭಾರತದ ಆರ್ಥಿಕತೆ ಮಾರುಕಟ್ಟೆ ವಿನಿಮಯ ದರದ ಅಳತೆಗಿಂತ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ, ಆದರೆ ತೈಲ ಮಾರುವವರು ನಮ್ಮಿಂದ ಕೇಳುವುದು ಮಾರುಕಟ್ಟೆ ದರದ ಡಾಲರನ್ನೇ. ಉಳಿದಂತೆ, ಎರಡೂ ಸಂಖ್ಯೆಗಳು ಒಂದೇ ನಾಣ್ಯದಲ್ಲಿರಬೇಕು ಮತ್ತು ಒಂದೇ ಹನ್ನೆರಡು ತಿಂಗಳಿಗೆ ಸೇರಿರಬೇಕು. ಭಾರತದ ಹಣಕಾಸು ವರ್ಷ ಏಪ್ರಿಲ್‌ನಿಂದ, ಬಾಂಗ್ಲಾದೇಶ ಮತ್ತು ಪಾಕಿಸ್ತಾನದ್ದು ಜುಲೈನಿಂದ, ನೇಪಾಳದ್ದು ಜುಲೈ ಮಧ್ಯಭಾಗದಿಂದ ಆರಂಭವಾಗುತ್ತದೆ. ಶ್ರೀಲಂಕಾದ ಅಂಕಿಗಳು ಸಾಮಾನ್ಯವಾಗಿ ಜನವರಿ–ಡಿಸೆಂಬರ್ ವರ್ಷದವು. ತೈಲದ ಬೆಲೆ ಆರು ತಿಂಗಳಲ್ಲಿ ಅರ್ಧಕ್ಕೆ ಇಳಿಯಬಲ್ಲ ಕಾಲದಲ್ಲಿ ಈ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ.

ಜಿಡಿಪಿಯ ಅಂಕಿ ಒಮ್ಮೆ ಪ್ರಕಟವಾದ ಮೇಲೂ ಬದಲಾಗುತ್ತಿರುತ್ತದೆ. 2023-24ರ ಜಿಡಿಪಿಯನ್ನು 2024ರ ಮೇ ತಿಂಗಳಲ್ಲಿ ₹295.36 ಲಕ್ಷ ಕೋಟಿ ಎಂದು ಹೇಳಲಾಗಿತ್ತು. 2025ರ ಫೆಬ್ರುವರಿಯಲ್ಲಿ ಅದು ₹301.23 ಲಕ್ಷ ಕೋಟಿ ಎಂದು ಪರಿಷ್ಕೃತವಾಯಿತು. ಮೂಲವರ್ಷವನ್ನು ಬದಲಿಸಿದಾಗ ಪರಿಷ್ಕರಣೆ ಇನ್ನೂ ವ್ಯಾಪಕವಾಗಿರುತ್ತದೆ. 2015ರ ಜನವರಿಯಲ್ಲಿ 2004-05ರ ಸರಣಿಯಿಂದ 2011-12ರ ಸರಣಿಗೆ ಬಂದಾಗ ಆದದ್ದು ಇದೇ. ಆದ್ದರಿಂದ ಲೆಕ್ಕದ ಹಾಳೆಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಅದು ಯಾವ ದಿನದ ಪ್ರಕಟಣೆಯಿಂದ ಬಂದದ್ದು, ಯಾವ ಮೂಲವರ್ಷದ ಸರಣಿಯದು ಎಂದು ಬರೆದಿಡುವ ರೂಢಿ ಒಳ್ಳೆಯದು.

ಒಂದು ಲೆಕ್ಕ

ಈಗ 2023-24ರ ಅನುಪಾತವನ್ನೇ ಮಾಡಿ ನೋಡೋಣ. ಸರಕಿನ ಆಮದು ಸುಮಾರು 678 ಶತಕೋಟಿ ಡಾಲರ್. ಆ ವರ್ಷದ ಸರಾಸರಿ ವಿನಿಮಯ ದರ ಡಾಲರಿಗೆ ಸುಮಾರು ₹82.8. ಗುಣಿಸಿದರೆ ₹56.1 ಲಕ್ಷ ಕೋಟಿ. ಇದನ್ನು ₹301.23 ಲಕ್ಷ ಕೋಟಿಯಿಂದ ಭಾಗಿಸಿದರೆ ಶೇ 18.6 ಬರುತ್ತದೆ. ಸೇವೆಗಳ ಆಮದು ಸುಮಾರು 178 ಶತಕೋಟಿ ಡಾಲರ್, ಅಂದರೆ ₹14.7 ಲಕ್ಷ ಕೋಟಿ. ಅದನ್ನೂ ಸೇರಿಸಿದರೆ ಅನುಪಾತ ಶೇ 23.5. ಪರಿಷ್ಕರಣೆಗೆ ಮುಂಚಿನ ಜಿಡಿಪಿಯನ್ನು ಬಳಸಿದ್ದರೆ ಇದೇ ಸಂಖ್ಯೆಗಳು ಶೇ 19 ಮತ್ತು ಶೇ 24 ಆಗುತ್ತಿದ್ದವು. ಒಂದೇ ದೇಶ, ಒಂದೇ ವರ್ಷ, ನಾಲ್ಕು ಉತ್ತರಗಳು, ನಾಲ್ಕೂ ಸರಿ. ಇಲ್ಲಿ ದಶಾಂಶದ ನಂತರ ಒಂದಕ್ಕಿಂತ ಹೆಚ್ಚು ಅಂಕಿ ಬರೆಯುವುದು ಬರಿಯ ಆಡಂಬರ. ವಿನಿಮಯ ದರಕ್ಕೆ ವರ್ಷದ ಸರಾಸರಿಯನ್ನೇ ತೆಗೆದುಕೊಳ್ಳಬೇಕು, ಮಾರ್ಚ್ 31ರ ದರವನ್ನಲ್ಲ. ಸರಕು ವರ್ಷವಿಡೀ ಬಂದಿರುತ್ತದೆ.

ಇದರ ಜೊತೆಗೆ ಇನ್ನೊಂದು ಸಣ್ಣ ಲೆಕ್ಕವನ್ನು ಪ್ರತಿ ಬಾರಿಯೂ ಮಾಡುವುದು ಉಪಯುಕ್ತ. ಆ ವರ್ಷ ಕಚ್ಚಾ ತೈಲ ಮತ್ತು ಪೆಟ್ರೋಲಿಯಂ ಉತ್ಪನ್ನಗಳ ಆಮದು ಸುಮಾರು 179 ಶತಕೋಟಿ, ಚಿನ್ನದ್ದು ಸುಮಾರು 45.5 ಶತಕೋಟಿ ಡಾಲರ್. ಎರಡೂ ಸೇರಿ ಸರಕಿನ ಆಮದಿನ ಮೂರನೇ ಒಂದು ಭಾಗ. ಇವೆರಡನ್ನು ತೆಗೆದು ಉಳಿದದ್ದನ್ನು ಭಾಗಿಸಿದರೆ ಶೇ 12.5ರಷ್ಟು ಬರುತ್ತದೆ. ಮನೆ, ಕಾರ್ಖಾನೆ ಮತ್ತು ಹೊಲಗಳಲ್ಲಿ ಹೊರಗಿನ ಸರಕಿಗೆ ಬೇಡಿಕೆ ನಿಜಕ್ಕೂ ಹೆಚ್ಚುತ್ತಿದೆಯೇ ಎಂಬುದನ್ನು ಈ ಸಂಖ್ಯೆ ಒಟ್ಟು ಅನುಪಾತಕ್ಕಿಂತ ಚೆನ್ನಾಗಿ ತಿಳಿಸುತ್ತದೆ.

ಏರಿಳಿತದ ಕಾರಣವನ್ನು ಬಿಡಿಸುವುದು

ಇಲ್ಲಿಂದ ನಿಜವಾದ ಕೆಲಸ ಆರಂಭವಾಗುತ್ತದೆ. ಅನುಪಾತವನ್ನು ಅಲುಗಿಸುವ ಸಂಗತಿಗಳು ನಾಲ್ಕು: ಆಮದಾದ ಸರಕಿನ ಪ್ರಮಾಣ, ಡಾಲರ್‌ನಲ್ಲಿ ಅದರ ಬೆಲೆ, ರೂಪಾಯಿಯ ವಿನಿಮಯ ದರ, ಮತ್ತು ಚಾಲ್ತಿ ಬೆಲೆಯ ಜಿಡಿಪಿ. ಇವುಗಳಲ್ಲಿ ಯಾವುದು ಎಷ್ಟು ಅಲುಗಿತು ಎಂದು ಬಿಡಿಸದೆ ‘ಆಮದಿನ ಅವಲಂಬನೆ ತಗ್ಗಿತು’ ಎಂದು ಬರೆಯುವುದು ಅವಸರದ ಮಾತಾಗುತ್ತದೆ.

2013-14 ಮತ್ತು 2015-16ರ ನಡುವಿನ ಅವಧಿ ಇದಕ್ಕೆ ತಕ್ಕ ಅಭ್ಯಾಸ. 2013-14ರಲ್ಲಿ ಸರಕಿನ ಆಮದು ₹27.15 ಲಕ್ಷ ಕೋಟಿ, ಜಿಡಿಪಿ ₹112.3 ಲಕ್ಷ ಕೋಟಿ. ಅನುಪಾತ ಶೇ 24.2. ಎರಡು ವರ್ಷಗಳ ನಂತರ ಆಮದು ₹24.9 ಲಕ್ಷ ಕೋಟಿ, ಜಿಡಿಪಿ ₹137.7 ಲಕ್ಷ ಕೋಟಿ. ಅನುಪಾತ ಶೇ 18.1. ಎರಡೇ ವರ್ಷದಲ್ಲಿ ಆರು ಶೇಕಡಾವಾರು ಅಂಶಗಳ ಇಳಿಕೆ. ಮೇಲುನೋಟಕ್ಕೆ ದೇಶ ಹೊರಗಿನ ಸರಕನ್ನು ಬಿಟ್ಟು ಸ್ವಾವಲಂಬನೆಯತ್ತ ಧಾವಿಸಿದಂತೆ ಕಾಣುತ್ತದೆ.

ಈಗ ತೈಲದ ಸಾಲನ್ನು ಬಿಡಿಸಿ ನೋಡಬೇಕು. 2013-14ರಲ್ಲಿ ಭಾರತ ಸುಮಾರು 18.9 ಕೋಟಿ ಟನ್ ಕಚ್ಚಾ ತೈಲವನ್ನು ತಂದು ಅದಕ್ಕೆ ಸುಮಾರು 143 ಶತಕೋಟಿ ಡಾಲರ್ ಕೊಟ್ಟಿತು. 2015-16ರಲ್ಲಿ ತಂದದ್ದು ಸುಮಾರು 20.3 ಕೋಟಿ ಟನ್, ಕೊಟ್ಟದ್ದು ಸುಮಾರು 64 ಶತಕೋಟಿ ಡಾಲರ್. ಪ್ರಮಾಣ ಹೆಚ್ಚಿತು, ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂತು. ಕಾರಣ, ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 105.5 ಡಾಲರ್‌ನಿಂದ 46.2 ಡಾಲರ್‌ಗೆ ಇಳಿದಿತ್ತು. ಹಳೆಯ ಬೆಲೆಯೇ ಮುಂದುವರಿದಿದ್ದರೆ 2015-16ರ ಬಿಲ್ಲು 146 ಶತಕೋಟಿ ಡಾಲರಿನಷ್ಟಾಗುತ್ತಿತ್ತು. ಆ 82 ಶತಕೋಟಿ ಡಾಲರ್ ಹೆಚ್ಚುವರಿಯನ್ನು ಆ ವರ್ಷದ ಸರಾಸರಿ ದರವಾದ ₹65.5ರಿಂದ ಗುಣಿಸಿ ಆಮದಿಗೆ ಸೇರಿಸಿದರೆ ಅನುಪಾತ ಶೇ 22ರ ಹತ್ತಿರ ನಿಲ್ಲುತ್ತದೆ. ಅಂದರೆ ಆರು ಶೇಕಡಾವಾರು ಅಂಶಗಳ ಇಳಿಕೆಯಲ್ಲಿ ನಾಲ್ಕಕ್ಕೆ ತೈಲದ ಬೆಲೆಯೊಂದೇ ಕಾರಣ. ಉಳಿದ ಎರಡರಲ್ಲಿ ದೊಡ್ಡ ಪಾಲು ಜಿಡಿಪಿ ಶೇ 22.6ರಷ್ಟು ಬೆಳೆದದ್ದರದು. ಡಾಲರ್ ಲೆಕ್ಕದಲ್ಲಿ ಒಟ್ಟು ಸರಕಿನ ಆಮದು 450ರಿಂದ 381 ಶತಕೋಟಿಗೆ ಇಳಿದಾಗ ಪೆಟ್ರೋಲಿಯಂ ಬಾಬ್ತು ಒಂದೇ ಅದಕ್ಕಿಂತ ಹೆಚ್ಚು ಇಳಿದಿತ್ತು, ಆದ್ದರಿಂದ ಪೆಟ್ರೋಲಿಯಂ ಬಿಟ್ಟ ಉಳಿದ ಆಮದು ವಾಸ್ತವದಲ್ಲಿ ಹೆಚ್ಚಿತ್ತು ಎಂಬುದನ್ನೂ ಇಲ್ಲಿ ಗಮನಿಸಬೇಕು. ತೈಲ ಅಗ್ಗವಾದಾಗ ಜಿಡಿಪಿಯ ಚಾಲ್ತಿ ಬೆಲೆಯೂ ಸ್ವಲ್ಪ ಬದಲಾಗುತ್ತದೆಯಾದ್ದರಿಂದ ಈ ಲೆಕ್ಕ ಸ್ಥೂಲವಾದದ್ದು ನಿಜ. ಆದರೂ ಪತ್ರಿಕಾ ಹೇಳಿಕೆಯೊಂದನ್ನು ಪರೀಕ್ಷಿಸಲು ಇಷ್ಟು ಸಾಕು.

ವಿನಿಮಯ ದರದ ಆಟಕ್ಕೆ 2022ರ ಶ್ರೀಲಂಕಾ ಉದಾಹರಣೆ. 2021ರಲ್ಲಿ ಸುಮಾರು 20.6 ಶತಕೋಟಿ ಡಾಲರ್ ಇದ್ದ ಅದರ ಸರಕಿನ ಆಮದು 2022ರಲ್ಲಿ ಸುಮಾರು 18.3 ಶತಕೋಟಿಗೆ ಕುಸಿಯಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಅಡುಗೆ ಅನಿಲಕ್ಕೆ ಬರ, ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿ ಸ್ಥಗಿತ. ಇಷ್ಟಾದರೂ ಅನುಪಾತ ಇಳಿಯಲಿಲ್ಲ. ಡಾಲರಿಗೆ ಇನ್ನೂರರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ ಕೆಲವೇ ವಾರಗಳಲ್ಲಿ ಮುನ್ನೂರೈವತ್ತನ್ನು ದಾಟಿದ್ದರಿಂದ, ಡಾಲರ್ ಲೆಕ್ಕದಲ್ಲಿ ಜಿಡಿಪಿಯೂ ಆಮದಿನ ಜೊತೆಗೇ ಕುಗ್ಗಿತು. ಅನುಪಾತವನ್ನು ಮಾತ್ರ ನೋಡುತ್ತಿದ್ದವರಿಗೆ ಆ ವರ್ಷ ಅಲ್ಲಿ ಏನೂ ನಡೆದಂತೆ ಕಾಣುತ್ತಿರಲಿಲ್ಲ. ಅಂಶ ಮತ್ತು ಛೇದ ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆದಿಟ್ಟುಕೊಂಡರೆ ಈ ಮೋಸ ತಪ್ಪುತ್ತದೆ.

ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವುದು

ಹೆಚ್ಚಿನ ಅನುಪಾತ ಅಪಾಯ, ಕಡಿಮೆ ಅನುಪಾತ ಕ್ಷೇಮ ಎಂಬ ನಂಬಿಕೆಯನ್ನು ಭಾರತದ ಚರಿತ್ರೆಯೇ ಸುಳ್ಳು ಮಾಡುತ್ತದೆ. 1990ರಲ್ಲಿ ನಮ್ಮ ಸರಕು–ಸೇವೆಗಳ ಆಮದು ಜಿಡಿಪಿಯ ಶೇ 9ನ್ನೂ ಮುಟ್ಟಿರಲಿಲ್ಲ. ಪರವಾನಗಿ ಮತ್ತು ಸುಂಕದ ಗೋಡೆಗಳ ಹಿಂದೆ ಇಂದಿನ ಅರ್ಧದಷ್ಟೂ ಇರಲಿಲ್ಲ. ಆದರೂ 1991ರ ಬೇಸಿಗೆಯಲ್ಲಿ ವಿದೇಶಿ ವಿನಿಮಯದ ಮೀಸಲು ಎರಡು–ಮೂರು ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದು, ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡವಾಗಿ ಕಳಿಸಬೇಕಾಯಿತು. ಅದೇ ತಿಂಗಳು ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಲಾಯಿತು. 1990-91ರಲ್ಲಿ 24 ಶತಕೋಟಿ ಡಾಲರ್ ಇದ್ದ ಆಮದು ಮರುವರ್ಷ 19.4 ಶತಕೋಟಿಗೆ ಇಳಿಯಿತು, ಮತ್ತು ಆ ಇಳಿಕೆಯ ಹಿಂದೆ ಕೊಳ್ಳಲು ಹಣವಿಲ್ಲದ ಸ್ಥಿತಿಯಿತ್ತು. ಆಮದು ಕಡಿಮೆಯಿದ್ದ ದೇಶದಲ್ಲಿ ರಫ್ತು ಅದಕ್ಕಿಂತಲೂ ಕಡಿಮೆಯಿತ್ತು ಎಂಬುದು ಆ ವರ್ಷದ ಕತೆ.

ಇದಕ್ಕೆ ಎದುರಾಗಿ ನೇಪಾಳವನ್ನು ಇಡಬಹುದು. 2021-22ರ ತನ್ನ ಹಣಕಾಸು ವರ್ಷದಲ್ಲಿ ಅದು ಸುಮಾರು 1,92,000 ಕೋಟಿ ನೇಪಾಳಿ ರೂಪಾಯಿ ಮೌಲ್ಯದ ಸರಕನ್ನು ತರಿಸಿಕೊಂಡಿತು, ಅಂದರೆ ಜಿಡಿಪಿಯ ಶೇ 39ರ ಆಸುಪಾಸು. ರಫ್ತು ಅದರ ಹತ್ತನೇ ಒಂದರಷ್ಟು. ಪಠ್ಯಪುಸ್ತಕದ ಪ್ರಕಾರ ಇಂಥ ದೇಶ ಎಂದೋ ಮುಗ್ಗರಿಸಬೇಕಿತ್ತು. ಕೊಲ್ಲಿ ರಾಷ್ಟ್ರಗಳಲ್ಲಿ, ಮಲೇಷ್ಯಾದಲ್ಲಿ, ಭಾರತದಲ್ಲಿ ದುಡಿಯುವ ನೇಪಾಳಿಗರು ಮನೆಗೆ ಕಳಿಸುವ ಹಣ ಜಿಡಿಪಿಯ ಐದನೇ ಒಂದಕ್ಕಿಂತ ಹೆಚ್ಚಿರುವುದರಿಂದ ಅದು ನಿಂತಿದೆ. ಆ ವರ್ಷ ಆಮದಿನ ಏರಿಕೆಗೆ ಹೊರಗಿನಿಂದ ಬರುವ ಹಣ ಸಾಟಿಯಾಗದೆ ಮೀಸಲು ಕರಗತೊಡಗಿದಾಗ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಕಾರು, ಮದ್ಯ, ದುಬಾರಿ ಮೊಬೈಲ್ ಮುಂತಾದವುಗಳ ಆಮದನ್ನು ತಾತ್ಕಾಲಿಕವಾಗಿ ನಿಷೇಧಿಸಿತು.

ಆದ್ದರಿಂದ ಅನುಪಾತದ ಪಕ್ಕದಲ್ಲಿ ಇನ್ನೆರಡು ಸಂಖ್ಯೆಗಳಿರಬೇಕು. ಮೊದಲನೆಯದು ಚಾಲ್ತಿ ಖಾತೆಯ ಕೊರತೆ, ಅಂದರೆ ಸರಕು, ಸೇವೆ, ವಲಸಿಗರ ಹಣ ಮುಂತಾದ ಬಾಬ್ತುಗಳಲ್ಲಿ ಹೊರಗೆ ಹೋದ ಹಣ ಒಳಗೆ ಬಂದದ್ದಕ್ಕಿಂತ ಎಷ್ಟು ಹೆಚ್ಚು ಎಂಬುದು: 2012-13ರಲ್ಲಿ ಭಾರತದ ಈ ಕೊರತೆ ಜಿಡಿಪಿಯ ಶೇ 4.8ಕ್ಕೆ ಏರಿದ್ದೇ ಮರುವರ್ಷದ ಆಗಸ್ಟ್‌ನಲ್ಲಿ ರೂಪಾಯಿ ಕುಸಿಯಲು ಮತ್ತು ಚಿನ್ನದ ಸುಂಕ ಶೇ 10ಕ್ಕೆ ಏರಲು ಹಿನ್ನೆಲೆಯಾಗಿತ್ತು. ಎರಡನೆಯದು ಮೀಸಲು ಎಷ್ಟು ತಿಂಗಳ ಆಮದಿಗೆ ಸಾಕು ಎಂಬುದು. 2024ರ ಮಾರ್ಚ್ ಕೊನೆಗೆ ಮೀಸಲು ಸುಮಾರು 646 ಶತಕೋಟಿ ಡಾಲರ್. ತಿಂಗಳ ಸರಾಸರಿ ಸರಕಿನ ಆಮದು 56.5 ಶತಕೋಟಿ, ಭಾಗಿಸಿದರೆ ಹನ್ನೊಂದು ತಿಂಗಳಿಗಿಂತ ತುಸು ಹೆಚ್ಚು. ಮೂರು ತಿಂಗಳಿಗಾದರೂ ಸಾಕಾಗಬೇಕು ಎಂಬುದು ಹಳೆಯ ರೂಢಿಯ ನಿಯಮ. ವಿದೇಶಿ ಸಾಲವನ್ನು ಗಣನೆಗೆ ತೆಗೆದುಕೊಳ್ಳದ ಆ ನಿಯಮವನ್ನು ಅತಿಯಾಗಿ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ದೇಶಗಳನ್ನು ಹೋಲಿಸುವಾಗ, ರಾಜ್ಯಗಳಿಗೆ ಇಳಿಸುವಾಗ

ಸಣ್ಣ ದೇಶಗಳ ಅನುಪಾತ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಏಕೆಂದರೆ ಬೇಕಾದದ್ದೆಲ್ಲವನ್ನೂ ತಮ್ಮೊಳಗೇ ಬೆಳೆಯಲು, ತಯಾರಿಸಲು ಅವುಗಳಿಗೆ ಸಾಧ್ಯವಿಲ್ಲ. ವಿಯೆಟ್ನಾಂ ದೇಶದ ಅನುಪಾತ ಭಾರತದ ಮೂರು ಪಟ್ಟಿಗೂ ಮೀರಿದೆ. ಅಲ್ಲಿಗೆ ಬರುವ ಬಿಡಿಭಾಗಗಳಲ್ಲಿ ಬಹುಪಾಲು ಫೋನು, ಬಟ್ಟೆ, ಪಾದರಕ್ಷೆಯಾಗಿ ಹೊರಗೆ ಹೋಗುತ್ತವೆ. ಹಾಗಾಗಿ ಹೋಲಿಕೆ ಮಾಡುವವರು ಗಾತ್ರದಲ್ಲಿ ಮತ್ತು ಉದ್ಯಮದ ಸ್ವರೂಪದಲ್ಲಿ ಹತ್ತಿರವಿರುವ ದೇಶಗಳನ್ನು ಆರಿಸಿಕೊಳ್ಳಬೇಕು, ಇಲ್ಲವೇ ಒಂದೇ ದೇಶದ ಬೇರೆಬೇರೆ ವರ್ಷಗಳನ್ನು ಹೋಲಿಸಬೇಕು. ಭಾರತದ ಸರಕು–ಸೇವೆಗಳ ಅನುಪಾತ 2012ರಲ್ಲಿ ಶೇ 31ರ ಆಸುಪಾಸಿಗೆ ಏರಿ, ಕೋವಿಡ್‌ನ 2020ರಲ್ಲಿ ಶೇ 19ರ ಹತ್ತಿರಕ್ಕೆ ಇಳಿದದ್ದನ್ನು ಬಿಡಿಸಿ ನೋಡುವುದು ಯಾವುದೇ ಅಂತರರಾಷ್ಟ್ರೀಯ ಪಟ್ಟಿಗಿಂತ ಹೆಚ್ಚು ಕಲಿಸುತ್ತದೆ.

ಕರ್ನಾಟಕಕ್ಕೂ ಇಂಥದೊಂದು ಅನುಪಾತ ಬೇಕು ಎಂಬ ಆಸೆ ಸಹಜ. ಆದರೆ ಬಂದರಿನ ಅಂಕಿಯನ್ನು ರಾಜ್ಯದ ಜಿಡಿಪಿಯಿಂದ ಭಾಗಿಸಿದರೆ ಉಪಯೋಗವಿಲ್ಲ. ಬೆಂಗಳೂರು ಮತ್ತು ಕೋಲಾರದ ಕಾರ್ಖಾನೆಗಳು ಬಳಸುವ ಸಾಮಗ್ರಿಯಲ್ಲಿ ಬಹಳಷ್ಟು ಚೆನ್ನೈ ಬಂದರಿನಲ್ಲಿ ಇಳಿಯುತ್ತದೆ, ಮಂಗಳೂರಿನಲ್ಲಿ ಇಳಿದ ಕಚ್ಚಾ ತೈಲ ಇಂಧನವಾಗಿ ರಾಜ್ಯದ ಗಡಿ ದಾಟುತ್ತದೆ, ಮತ್ತು ರಾಜ್ಯಗಳ ನಡುವಿನ ಕೊಳ್ಳುವಿಕೆ ಆಮದು ಎಂದು ಎಲ್ಲಿಯೂ ದಾಖಲಾಗುವುದಿಲ್ಲ.

ತಿಂಗಳ ಅಂಕಿಗಳನ್ನು ಬಳಸುವವರಿಗೆ ಕೊನೆಯದೊಂದು ಎಚ್ಚರಿಕೆ. 2024ರ ನವೆಂಬರ್ ತಿಂಗಳ ಚಿನ್ನದ ಆಮದನ್ನು ಮೊದಲು 14.8 ಶತಕೋಟಿ ಡಾಲರ್ ಎಂದು ಪ್ರಕಟಿಸಲಾಗಿತ್ತು ಮತ್ತು ಅದರಿಂದ ಆ ತಿಂಗಳ ವ್ಯಾಪಾರ ಕೊರತೆ ದಾಖಲೆಯ ಮಟ್ಟಕ್ಕೆ ಏರಿದಂತೆ ಕಂಡಿತ್ತು. ಕೆಲವೇ ವಾರಗಳಲ್ಲಿ ಚಿನ್ನದ ಅಂಕಿಯನ್ನು 9.8 ಶತಕೋಟಿಗೆ ಇಳಿಸಲಾಯಿತು. ಒಂದು ತಿಂಗಳ ಆಮದನ್ನು ಹನ್ನೆರಡರಿಂದ ಗುಣಿಸಿ ವಾರ್ಷಿಕ ಅನುಪಾತ ಮಾಡುವ ಬದಲು ಹಿಂದಿನ ಹನ್ನೆರಡು ತಿಂಗಳ ಮೊತ್ತವನ್ನು ಹಿಂದಿನ ನಾಲ್ಕು ತ್ರೈಮಾಸಿಕಗಳ ಜಿಡಿಪಿಯಿಂದ ಭಾಗಿಸಬೇಕು, ಮತ್ತು ತೀರ ಇತ್ತೀಚಿನ ತಿಂಗಳ ಅಂಕಿ ಒಮ್ಮೆ ಪರಿಷ್ಕೃತವಾಗುವವರೆಗೆ ಅದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳುವುದು ವಾಸಿ.